ಪೂಜೆಯ ಕಟ್ಟನ್ನು ಬಿಚ್ಚಿದವರು



ಜುಲೈ 2 ಫ.ಗು. ಹಳಕಟ್ಟಿಯವರು ಹುಟ್ಟಿದ ದಿನ. ರಾಜ್ಯ ಸರ್ಕಾರ ಅದನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತದೆ. ಕಚೇರಿಗಳಲ್ಲಿ, ಶಾಲೆಗಳಲ್ಲಿ, ನಮ್ಮ ಮಠಗಳಲ್ಲಿ ಭಾವಚಿತ್ರವಿಟ್ಟು, ಹಾರ ಹಾಕಿ, ಊದುಬತ್ತಿ ಹಚ್ಚುತ್ತೇವೆ. ಇಬ್ಬರು ಮೂವರು ಮಾತಾಡುತ್ತಾರೆ, ಉಪ್ಪಿಟ್ಟು ಶಿರಾ ಆಗುತ್ತದೆ, ಭಾವಚಿತ್ರ ಮತ್ತೆ ಕಪಾಟು ಸೇರುತ್ತದೆ. ಘೋಡಗೇರಿ ಸುತ್ತಿನ ಊರುಗಳಲ್ಲಿ ಇಂಥ ಹಲವು ಕಾರ್ಯಕ್ರಮಗಳಿಗೆ ಹೋಗಿ ಬಂದಿದ್ದೇನೆ, ಕೆಲವದರಲ್ಲಿ ಮಾತನ್ನೂ ಆಡಿದ್ದೇನೆ. ಮಾತು ಮುಗಿಸಿ ಕೆಳಗಿಳಿದಾಗ, ಮುಂದಿನ ಸಾಲಿನ ಹೈಸ್ಕೂಲ್ ಹುಡುಗರನ್ನು "ಹಳಕಟ್ಟಿಯವರು ಏನು ಮಾಡಿದರು?" ಎಂದು ಕೇಳುವುದು ನನ್ನ ರೂಢಿ. "ವಚನ ಬರೆದರು" ಎಂಬ ಉತ್ತರ ಹೆಚ್ಚು ಸಲ ಬಂದಿದೆ. "ಸ್ವಾತಂತ್ರ್ಯ ಹೋರಾಟಗಾರರು" ಎಂದದ್ದೂ ಉಂಟು.

ಹುಡುಗರ ಮೇಲೆ ತಪ್ಪು ಹೊರಿಸಲಾರೆ. ಅರ್ಧ ತಾಸಿನ ಭಾಷಣದಲ್ಲಿ ನಾವು "ಮಹಾಚೇತನ", "ಯುಗಪುರುಷ", "ವಚನ ಪಿತಾಮಹ" ಎಂಬ ಮಾತುಗಳನ್ನು ಹತ್ತು ಸಲ ಹೇಳಿರುತ್ತೇವೆ. ಅವರು ಬೆಳಿಗ್ಗೆ ಎದ್ದು ಯಾವ ಕೆಲಸಕ್ಕೆ ಕೂಡುತ್ತಿದ್ದರು, ಅದಕ್ಕೆ ದುಡ್ಡು ಎಲ್ಲಿಂದ ಬಂತು, ಎಲ್ಲಿ ಕೆಲಸ ನಿಂತುಹೋಯಿತು, ನಿಂತದ್ದನ್ನು ಹೇಗೆ ಮುಂದುವರಿಸಿದರು ಎಂಬುದನ್ನು ಒಂದು ಸಲವೂ ಹೇಳಿರುವುದಿಲ್ಲ. ಸರ್ಕಾರಿ ಕೆಲಸದಲ್ಲಿದ್ದ ನನ್ನಂಥವರಿಗೆ ಅಂದಾಜು ಪಟ್ಟಿಗೂ ಅಳತೆ ಪುಸ್ತಕಕ್ಕೂ ಇರುವ ಅಂತರ ಚೆನ್ನಾಗಿ ಗೊತ್ತು. ಅಂದಾಜು ಪಟ್ಟಿಯಲ್ಲಿ ಏನು ಬೇಕಾದರೂ ಬರೆಯಬಹುದು. ಅಳತೆ ಪುಸ್ತಕದಲ್ಲಿ ಮಾತ್ರ ಆದ ಕೆಲಸವನ್ನೇ ಬರೆಯಬೇಕು. ಉದ್ದ, ಅಗಲ, ಆಳ ಬರೆದು ಕೆಳಗೆ ಸಹಿ ಹಾಕಬೇಕು. ದೊಡ್ಡವರ ಬದುಕನ್ನು ಅಳತೆ ಪುಸ್ತಕದಂತೆ ಓದಿದರೆ ಮಾತ್ರ ಅದರಿಂದ ನಮಗೆ ಏನಾದರೂ ದಕ್ಕುತ್ತದೆ ಎಂಬುದು ನನ್ನ ತಿಳುವಳಿಕೆ.

ಜಯಂತಿಗಳೇ ಬೇಡ ಎಂಬ ವಾದ ನನ್ನದಲ್ಲ. ಬಸವ ಜಯಂತಿಯೇ ಒಂದು ಕಾಲಕ್ಕೆ ದೊಡ್ಡ ಸುಧಾರಣೆಯ ಕೆಲಸವಾಗಿತ್ತು. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಮೃತ್ಯುಂಜಯ ಅಪ್ಪಗಳ ಜೊತೆಗೂಡಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದರು. ಅಲ್ಲಿಯತನಕ ನಮ್ಮಲ್ಲಿ ಬಹಳ ಮಂದಿಗೆ ಬಸವಣ್ಣನೆಂದರೆ ಗುಡಿಯ ಮುಂದಿನ ಕಲ್ಲಿನ ನಂದಿ. ಹುಟ್ಟಿ, ಬೆಳೆದು, ಬಿಜ್ಜಳನ ಭಂಡಾರ ನೋಡಿಕೊಂಡು, ಜನರನ್ನು ಕೂಡಿಸಿ, ರಾಜನ ಮುನಿಸನ್ನು ಕಟ್ಟಿಕೊಂಡ ಒಬ್ಬ ಮನುಷ್ಯ ಇದ್ದ ಎಂದು ಊರಿಗೆಲ್ಲ ಹೇಳುವುದೇ ಆ ಜಯಂತಿಯ ಉದ್ದೇಶ. ಮಂಜಪ್ಪನವರು ಬನವಾಸಿಯ ಬಡ ಮನೆಯಲ್ಲಿ ಹುಟ್ಟಿದವರು, ಶಾಲಾ ಮಾಸ್ತರಿಕೆ ಬಿಟ್ಟು 'ಧನುರ್ಧಾರಿ' ಪತ್ರಿಕೆ ನಡೆಸಿದವರು. ದೇವರಾಗಿದ್ದವನನ್ನು ಅವರು ಮನುಷ್ಯನನ್ನಾಗಿ ಮರಳಿ ತಂದರು. ನೂರು ವರ್ಷ ಕಳೆದ ಮೇಲೆ ನಾವು ಆ ಮನುಷ್ಯನನ್ನು ಟ್ರಾಕ್ಟರ್ ಮೇಲೆ ಕೂಡಿಸಿ, ಡಿಜೆ ಹಚ್ಚಿ, ಮತ್ತೆ ದೇವರನ್ನಾಗಿ ಮಾಡುತ್ತಿದ್ದೇವೆ.

ಹಳಕಟ್ಟಿಯವರ ಕತೆಯಲ್ಲಿ ಪೂಜೆಗೂ ಓದಿಗೂ ಇರುವ ಈ ಜಗಳ ಇನ್ನೂ ನಿಚ್ಚಳವಾಗಿ ಕಾಣುತ್ತದೆ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಹುಟ್ಟಿದ್ದು 1880ರಲ್ಲಿ, ಧಾರವಾಡದಲ್ಲಿ. ತಂದೆ ಶಿಕ್ಷಕರು, ಬರವಣಿಗೆಯ ಗೀಳಿದ್ದವರು. ತಾಯಿ ದಾನಾದೇವಿ, ಮಗು ಬಹಳ ಚಿಕ್ಕದಿರುವಾಗಲೇ ತೀರಿಕೊಂಡರು. ಹುಡುಗನನ್ನು ಸಾಕಿದ್ದು ಅಜ್ಜಿ. ಧಾರವಾಡದಲ್ಲಿ ಮೆಟ್ರಿಕ್ ಮುಗಿಸಿ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿಗೆ ಹೋದರು. ಆಲೂರು ವೆಂಕಟರಾಯರ ಗೆಳೆತನ ಬೆಳೆದದ್ದು ಅಲ್ಲಿ. 1904ರಲ್ಲಿ ವಕೀಲಿ ಪರೀಕ್ಷೆ ಪಾಸಾಗಿ ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ಮಾಡಿ ವಿಜಾಪುರಕ್ಕೆ ಹೋದರು. ಮುಂದೆ ಅಲ್ಲೇ ಸರ್ಕಾರಿ ವಕೀಲರಾದರು. ಅಂದಿನ ಕಾಲಕ್ಕೆ ಮನೆ, ಹೊಲ, ಸಾರೋಟು ಎಲ್ಲ ಬರಬಹುದಾದ ಉದ್ಯೋಗ ಅದು.

ಅದೇ ಹೊತ್ತಿಗೆ ಅವರ ಕೈಗೆ ತಾಡೋಲೆಗಳು ಸಿಕ್ಕವು. ನಮ್ಮ ಸೀಮೆಗೆ ದೂರವಲ್ಲದ ರಬಕವಿ-ಬನಹಟ್ಟಿಯ ಕಡೆ ಅವರು ನೋಡಿದ ಓಲೆಕಟ್ಟುಗಳಲ್ಲಿ ಅಲ್ಲಮಪ್ರಭುಗಳ ವಚನಗಳಿದ್ದವು. ಕಾನೂನು ಓದಿದ, ಸಾಕ್ಷಿ ಪುರಾವೆ ತೂಗಿ ನೋಡುವ ಅಭ್ಯಾಸದ ಯುವಕನಿಗೆ ಆಶ್ಚರ್ಯವಾಗಿರಬೇಕು. ಇಷ್ಟು ದೊಡ್ಡ ವಿಚಾರ ಇಷ್ಟು ಸರಳ ಕನ್ನಡದಲ್ಲಿ ಇದೆ, ಆದರೆ ಅದು ಯಾರ ಓದಿಗೂ ಸಿಗದೆ ಬಟ್ಟೆಯೊಳಗೆ ಕಟ್ಟಿಟ್ಟಿದೆ. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ವಿರಕ್ತರು ವಚನಗಳನ್ನು ಹುಡುಕಿ ಕೂಡಿಸಿದ್ದರು, ಶೂನ್ಯಸಂಪಾದನೆಗಳು ಆಗ ಹುಟ್ಟಿಕೊಂಡವು. ಆಮೇಲೆ ಕಟ್ಟುಗಳು ಮಠಗಳಿಗೆ, ಮನೆಗಳ ಜಗುಲಿಗಳಿಗೆ ಹಂಚಿಹೋದವು. ಓದುವವರು ಕಡಿಮೆಯಾದರು. ಕಟ್ಟಿಗೆ ವಿಭೂತಿ ಹಚ್ಚಿ, ಪತ್ರಿ ಏರಿಸಿ, ಕೈಮುಗಿದು ಮತ್ತೆ ನಾಗಂದಿಗೆಯ ಮೇಲೆ ಇಡುವುದು ಬಹಳ ಮನೆಗಳಲ್ಲಿ ರೂಢಿಯಾಯಿತು.

ಇದನ್ನು ನಾನೂ ಕಂಡಿದ್ದೇನೆ. ಮೂವತ್ತು ವರ್ಷಗಳ ಹಿಂದೆ ಕಾಲುವೆ ಸರ್ವೆಗೆಂದು ಹೋದ ಒಂದು ಊರಲ್ಲಿ, ನಾವು ಸಾಮಾನು ಇಟ್ಟುಕೊಂಡಿದ್ದ ಮನೆಯ ಜಗುಲಿಯ ಮೇಲೆ ಕೆಂಪು ವಸ್ತ್ರದ ಗಂಟೊಂದಿತ್ತು. ಒಳಗೆ ಏನೆಂದು ಕೇಳಿದರೆ ಮನೆಯ ಅಜ್ಜಿ, "ಅದನ್ನ ಬಿಚ್ಚಬ್ಯಾಡ್ರಿ ಸಾಹೇಬ್ರ. ನಮ್ಮ ಮಾವಾರೂ ಬಿಚ್ಚಿಲ್ಲ, ಅವರಪ್ಪಾರೂ ಬಿಚ್ಚಿಲ್ಲ. ಬರೇ ಪೂಜಿ ಮಾಡೂದು" ಅಂದರು.

"ಒಳಗ ಏನೈತಿ ಯವ್ವಾ?"

"ದೇವ್ರೈತ್ರಿ."

ಮುಂದಿನ ಸಲ ಊರಿನ ಮಠದ ಅಜ್ಜಾರನ್ನು ಕರೆದುಕೊಂಡು ಹೋದೆವು. ಅವರ ಮಾತಿಗೆ ಅಜ್ಜಿ ಒಪ್ಪಿದರು. ಅರ್ಧದಷ್ಟು ಗರಿಗಳನ್ನು ಹುಳ ತಿಂದಿತ್ತು. ಉಳಿದವನ್ನು ಅಜ್ಜಾರು ಬೆಳಕಿಗೆ ಹಿಡಿದು ನಿಧಾನ ಓದಿದರು. ದನಗಳ ಔಷಧದ ವಿವರ: ಯಾವ ರೋಗಕ್ಕೆ ಯಾವ ಬೇರು, ಎಷ್ಟು ದಿನ. ಅಜ್ಜಿಗೆ ಬೇಸರವಾಗುತ್ತದೇನೋ ಎಂದುಕೊಂಡೆವು. "ಹಂಗಾರ ನಮ್ಮ ಮನ್ಯಾಗ ಯಾರೋ ದನಕ್ಕ ಔಷಧ ಕೊಡತಿದ್ರು ಅಂತಾತು" ಎಂದು ಅವರು ನಕ್ಕರು. ಮೂರು ತಲೆಮಾರು ಪೂಜೆ ಮಾಡಿದ ಕಟ್ಟಿನಿಂದ ಅವರಿಗೆ ತಮ್ಮ ಹಿರಿಯರ ಬಗ್ಗೆ ಸಿಕ್ಕ ಮೊದಲ ಸುದ್ದಿ ಅದು.

ಹಳಕಟ್ಟಿಯವರು ಇಂಥ ಮನೆಗಳಿಗೆ ಒಂದಲ್ಲ, ನೂರಾರು ಸಲ ಹೋದರು. ಕೋರ್ಟಿನ ಸೂಟಿ ಸಿಕ್ಕಾಗ ಹಳ್ಳಿಗಳನ್ನು ಸುತ್ತಿದರು. ಸೈಕಲ್ ಮೇಲೆ ತಿರುಗುತ್ತಿದ್ದ, ತೇಪೆ ಹಾಕಿದ ಕೋಟಿನ ಆ ವಕೀಲರನ್ನು ಕಂಡವರ ಮಾತುಗಳು ವಿಜಾಪುರ ಸೀಮೆಯಲ್ಲಿ ಇಂದಿಗೂ ಕೇಳಿಬರುತ್ತವೆ. ಎಷ್ಟು ಮನೆಗಳಲ್ಲಿ "ಬಿಚ್ಚಬ್ಯಾಡ್ರಿ" ಅನ್ನಿಸಿಕೊಂಡಿರಬೇಕು! ಹೀಗೆ ಅವರು ಕೂಡಿಸಿದ ಓಲೆಕಟ್ಟುಗಳ ಸಂಖ್ಯೆ ಸಾವಿರದ ಮೇಲೆ ಹೋಯಿತು.

ಸಂಗ್ರಹ ಮಾಡಿದ್ದನ್ನು ಎಲ್ಲರೂ ಹೇಳುತ್ತಾರೆ. ಆಮೇಲಿನ ಕೆಲಸವೇ ನಿಜವಾಗಿ ಕಠಿಣ. ತಾಡೋಲೆಯಲ್ಲಿ ಶಬ್ದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ. ಒಂದೇ ಸಾಲಾಗಿ ಅಕ್ಷರ ಓಡುತ್ತದೆ. ಕಂಟದಿಂದ ಕೊರೆದ ಗೆರೆಗೆ ಮಸಿ ಸವರಿದ್ದರೆ ಕಾಣುತ್ತದೆ, ಮಸಿ ಹೋಗಿದ್ದರೆ ಗರಿಯನ್ನು ಓರೆ ಹಿಡಿದು ನೆರಳಿನಲ್ಲಿ ಓದಬೇಕು. ಒಂದು ವಚನ ನಾಲ್ಕು ಕಟ್ಟಿನಲ್ಲಿ ಸಿಕ್ಕರೆ ನಾಲ್ಕು ರೀತಿ ಇರುತ್ತದೆ. ಪ್ರತಿ ಮಾಡಿದವನು ನಿದ್ದೆಗಣ್ಣಲ್ಲಿ ಒಂದು ಸಾಲು ಬಿಟ್ಟಿರಬಹುದು, ತನಗೆ ತಿಳಿಯದ ಶಬ್ದವನ್ನು ತಿಳಿದದ್ದಕ್ಕೆ ತಿದ್ದಿರಬಹುದು. ಇವನ್ನೆಲ್ಲ ಎದುರುಬದುರು ಇಟ್ಟು, ಕಾಗದಕ್ಕೆ ಇಳಿಸಿ, ಅಂಕಿತ ನೋಡಿ ಯಾರ ವಚನ ಯಾವುದು ಎಂದು ಬೇರ್ಪಡಿಸಬೇಕು. ಕೂಡಲಸಂಗಮದೇವ ಅಂದರೆ ಬಸವಣ್ಣ, ಗುಹೇಶ್ವರ ಅಂದರೆ ಅಲ್ಲಮ. ಇದು ಎಲ್ಲರಿಗೂ ಗೊತ್ತು. ಆದರೆ ಹೆಸರೇ ಕೇಳದ ಅಂಕಿತ ಬಂದರೆ? ಅದರ ಹಿಂದೆ ಯಾರೋ ಒಬ್ಬರಿದ್ದಾರೆ, ಅವರನ್ನು ಹುಡುಕಬೇಕು. ಹಳಕಟ್ಟಿಯವರು ಹೀಗೆ ಹುಡುಕಿದ್ದರಿಂದ ಬೆರಳೆಣಿಕೆಯ ಶರಣರ ಹೆಸರು ಕೇಳಿದ್ದ ನಾಡಿಗೆ ಇನ್ನೂರಕ್ಕೂ ಹೆಚ್ಚು ವಚನಕಾರರ ಪರಿಚಯವಾಯಿತು. ದೋಣಿ ನಡೆಸುವವ, ಹಗ್ಗ ಹೊಸೆಯುವವ, ಅಕ್ಕಿ ಆಯುವವಳು, ನೂಲುವವಳು, ಕಳ್ಳತನ ಬಿಟ್ಟು ಬಂದವನು, ಇವರೆಲ್ಲ ಬರೆದವರು ಎಂಬ ಸಂಗತಿಯೇ ಜನಕ್ಕೆ ಹೊಸದು.

ಸೂಳೆ ಸಂಕವ್ವೆಯ ಹೆಸರು ಕೇಳಿದ್ದೀರಿ. ನಮಗೆ ಉಳಿದಿರುವುದು ಅವಳ ಒಂದೇ ಒಂದು ವಚನ. ಹನ್ನೆರಡನೆಯ ಶತಮಾನದಲ್ಲಿ ಆ ವೃತ್ತಿಯ ಹೆಣ್ಣುಮಗಳೊಬ್ಬಳು ಶರಣರ ನಡುವೆ ಕೂತು, ತನ್ನ ವೃತ್ತಿಯ ಮಾತಿನಲ್ಲೇ ತನ್ನ ನಿಷ್ಠೆ ಹೇಳಿಕೊಂಡಳು ಎಂಬುದಕ್ಕೆ ಇರುವ ಸಾಕ್ಷಿ ಅಷ್ಟೇ. ಆ ಒಂದು ವಚನವಿದ್ದ ಗರಿಗಳು ಒಲೆಗೆ ಹೋಗಿದ್ದರೆ, ಹೊಳೆಗೆ ಹೋಗಿದ್ದರೆ, ಸಂಕವ್ವೆ ಇದ್ದಳೆಂದೇ ನಮಗೆ ಗೊತ್ತಾಗುತ್ತಿರಲಿಲ್ಲ. ಅಂಥ ಎಷ್ಟು ಮಂದಿಯ ಗರಿಗಳು ಹೋಗಿಬಿಟ್ಟವೋ!

ತಮಿಳು ನಾಡಿನಲ್ಲಿಯೂ ಹೀಗೇ. ಹಳಕಟ್ಟಿಯವರಿಗಿಂತ ಇಪ್ಪತ್ತೈದು ವರ್ಷ ಹಿರಿಯರಾದ ಉ.ವೇ. ಸ್ವಾಮಿನಾಥ ಅಯ್ಯರ್ ಊರೂರು ತಿರುಗಿ ಸಂಗಂ ಕಾಲದ ಓಲೆಗಳನ್ನು ಹುಡುಕಿ ಅಚ್ಚು ಹಾಕಿಸಿದರು. ಓಲೆಗಳನ್ನು ಭಕ್ತಿಯಿಂದಲೇ ಬೆಂಕಿಗೆ ಹಾಕಿದ ಜನರ ಸಂಗತಿಯನ್ನು ಅವರು ನೊಂದು ಬರೆದಿದ್ದಾರೆ. ಗ್ರಂಥ ಹಾಳು ಮಾಡಲು ಶತ್ರುಗಳೇ ಬರಬೇಕಿಲ್ಲ.

ಇನ್ನು ಮುದ್ರಣದ ಸಂಗತಿ. ನಾವು ಬೆಳಗಾವಿ ಜಿಲ್ಲೆಯವರು ಇದನ್ನು ಮರೆಯಬಾರದು. ಹಸ್ತಪ್ರತಿ ಸಿದ್ಧವಾದ ಮೇಲೆ ಹಳಕಟ್ಟಿಯವರು ಅದನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದರು. ಕನ್ನಡದಲ್ಲಿ ಅದಕ್ಕಿಂತ ಚೆಂದದ ಅಚ್ಚು ಆಗ ಬೇರೆಲ್ಲೂ ಇರಲಿಲ್ಲ. ಅಲ್ಲಿಂದ ಅದು ಅಚ್ಚಾಗದೆ ಮರಳಿ ಬಂತು. ಇಪ್ಪತ್ತು ವರ್ಷ ಹುಡುಕಿ, ಓದಿ, ಬರೆದು ಸಿದ್ಧಪಡಿಸಿದ ಕಟ್ಟು ಅಂಚೆಯಲ್ಲಿ ಹಿಂದೆ ಬಂದ ದಿನ ಆ ಮನೆಯಲ್ಲಿ ಹೇಗಿದ್ದಿರಬಹುದು! ಅದೇ ಹಸ್ತಪ್ರತಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂತು. ಚೆನ್ನಮ್ಮನ ಹೆಸರು, ಕಾಂಗ್ರೆಸ್ ಅಧಿವೇಶನದ ಹೆಸರು ಹೇಳಿ ಬೆಳಗಾವಿಯ ಹೆಮ್ಮೆ ಹೇಳಿಕೊಳ್ಳುತ್ತೇವೆ. ವಚನಗಳು ಈ ಮಟ್ಟದಲ್ಲಿ ಮೊದಲ ಬಾರಿಗೆ ಅಚ್ಚಿನ ಮಸಿ ಕಂಡದ್ದೂ ಈ ಊರಲ್ಲೇ ಎಂಬುದನ್ನು ಆ ಪಟ್ಟಿಗೆ ಸೇರಿಸಬಾರದೇಕೆ?

ಒಂದು ಸಲ ಹಿಂದೆ ಬಂದ ಅನುಭವ ಅವರಿಗೆ ಸಾಕಾಯಿತೆಂದು ಕಾಣುತ್ತದೆ. ಮುಂದಿನ ಪುಸ್ತಕಗಳಿಗೆ ಬೇರೆಯವರ ಬಾಗಿಲು ತಟ್ಟುವುದಕ್ಕಿಂತ ಸ್ವಂತ ಮುದ್ರಣಾಲಯವೇ ಇರಲಿ ಎಂದು 1925ರಲ್ಲಿ ವಿಜಾಪುರದಲ್ಲಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು. ಅದಕ್ಕಾಗಿ ಮನೆಯನ್ನೇ ಮಾರಿದರು. ಸರ್ಕಾರಿ ವಕೀಲರಾಗಿದ್ದವರು ಬಾಡಿಗೆ ಮನೆಯಲ್ಲಿ ಉಳಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ, ಮರುವರ್ಷ 'ನವಕರ್ನಾಟಕ' ವಾರಪತ್ರಿಕೆ. ಶಿವಾನುಭವ ಮೂರು ದಶಕಕ್ಕೂ ಹೆಚ್ಚು ಕಾಲ ನಡೆಯಿತು. ಪತ್ರಿಕೆ ನಡೆಸುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕಾಗದ ತರಬೇಕು, ಮೊಳೆ ಜೋಡಿಸುವವರಿಗೆ ಸಂಬಳ ಕೊಡಬೇಕು, ಕರಡು ತಿದ್ದಬೇಕು, ವಿಳಾಸ ಬರೆಯಬೇಕು, ಚಂದಾ ಕೊಡದವರಿಗೆ ಮೂರು ಮೂರು ಸಲ ಕಾಗದ ಹಾಕಬೇಕು. ಒಂದು ಸಂಚಿಕೆ ಮುಗಿದ ಕೂಡಲೇ ಮುಂದಿನದು ಬಾಗಿಲಲ್ಲಿ ನಿಂತಿರುತ್ತದೆ. ನಮ್ಮ ಈ ಪತ್ರಿಕೆ ಮಠಗಳ ಆಶ್ರಯದಲ್ಲಿ ನಡೆದೂ ಕೆಲವು ತಿಂಗಳು ಏದುಸಿರು ಬಿಡುತ್ತದೆ. ಅವರು ಹರಿಹರನ ರಗಳೆಗಳನ್ನೂ ಬೆಳಕಿಗೆ ತಂದರು, ಶರಣರ ಚರಿತ್ರೆಗಳನ್ನು ಬರೆದರು, ಎಲ್ಲವೂ ಇದೇ ಗೋಜಲಿನ ನಡುವೆ.

ವಿಜಾಪುರದಲ್ಲಿ ಅವರು ಮಾಡಿದ ಬೇರೆ ಕೆಲಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1910ರಲ್ಲಿ ಲಿಂಗಾಯತ ಶಿಕ್ಷಣ ಸಂಸ್ಥೆ, ಅಂದರೆ ಇಂದಿನ ಬಿ.ಎಲ್.ಡಿ.ಇ., ಮುಂದೆ ಸಿದ್ಧೇಶ್ವರ ಸಹಕಾರಿ ಬ್ಯಾಂಕು, ಮುಂಬಯಿ ವಿಧಾನ ಪರಿಷತ್ತಿನ ಸದಸ್ಯತ್ವ, 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ವಿಜಾಪುರಕ್ಕೆ ಬಂದ ಬಿ.ಎಂ. ಶ್ರೀಕಂಠಯ್ಯನವರು, ಗೋಳಗುಮ್ಮಟಕ್ಕಿಂತ ಮೊದಲು ವಚನಗುಮ್ಮಟವನ್ನು ನೋಡಬೇಕು ಎಂದು ಇವರ ಮನೆಗೆ ಹೋದರಂತೆ ಎಂಬ ಮಾತೂ ಉಂಟು. 1964ರ ಜೂನ್ 29ರಂದು, 84 ತುಂಬಲು ಮೂರು ದಿನ ಇರುವಾಗ, ಲಿಂಗೈಕ್ಯರಾದರು.

ಒಂದಿಷ್ಟು ಆಕ್ಷೇಪಗಳೂ ಇವೆ. ಅವನ್ನು ಮುಚ್ಚಿಟ್ಟು ಹಾರ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಬ್ರಿಟಿಷರ ರಾವ್ ಬಹಾದ್ದೂರ್ ಪದವಿ ತೆಗೆದುಕೊಂಡರಲ್ಲ ಎನ್ನುವವರಿದ್ದಾರೆ. ಹೌದು, ತೆಗೆದುಕೊಂಡರು. ಅದೇ ಸರ್ಕಾರದ ವಕೀಲಿಯಿಂದ ಬಂದ ದುಡ್ಡಿನಲ್ಲೇ ಓಲೆಗರಿಗಳೂ ಉಳಿದವು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ವಚನಗಳನ್ನು ಅವರು 'ಶಾಸ್ತ್ರ' ಎಂದು ಕರೆದು ಷಟ್‌ಸ್ಥಲದ ಚೌಕಟ್ಟಿನಲ್ಲಿ ಜೋಡಿಸಿದರು, ಅದರಿಂದ ವಚನಗಳ ಬಂಡಾಯದ ಧ್ವನಿ ಹಿಂದೆ ಸರಿಯಿತು ಎಂದು ವಾದಿಸುವವರಿದ್ದಾರೆ. ಇದರಲ್ಲಿ ಹುರುಳಿದೆ ಎಂದೇ ನನ್ನ ಅನಿಸಿಕೆ. ಆದರೆ ಆ ವಾದ ಹೂಡಲು ಬೇಕಾದ ವಚನಗಳು ಅವರ ಕೈಗೆ ಬಂದದ್ದಕ್ಕೆ ಹಳಕಟ್ಟಿಯವರ ದುಡಿಮೆಯೇ ಮೊದಲ ಕಾರಣ. ಅವರ ಪಾಠಗಳನ್ನು ಶಿ.ಶಿ. ಬಸವನಾಳರು, ಆರ್.ಸಿ. ಹಿರೇಮಠರು, ಎಲ್. ಬಸವರಾಜು, ಎಂ.ಎಂ. ಕಲಬುರ್ಗಿ ಮುಂತಾದವರು ಮತ್ತೆ ಮತ್ತೆ ಶೋಧಿಸಿದರು. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳು 15. ಆ ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಹಳೆಯ ಗ್ರಂಥ ಬಿಚ್ಚಿ ಓದುವುದು ನಿರುಪದ್ರವಿ ಹವ್ಯಾಸ ಎಂದು ತಿಳಿದವರು ಇದನ್ನು ನೆನಪಿಡಬೇಕು.

ಬಸವಣ್ಣ, ಅಲ್ಲಮ, ಅಕ್ಕಮಹಾದೇವಿ ನಮಗೆ ಎಂಟುನೂರು ವರ್ಷ ದೂರ. ಅವರ ಮತ್ತು ನಮ್ಮ ನಡುವೆ ಪುರಾಣಗಳು ಬೆಳೆದಿವೆ, ಪವಾಡಗಳು ಬೆಳೆದಿವೆ. "ಅವರು ಕಾರಣಪುರುಷರು, ನಮ್ಮಿಂದ ಆದೀತೆ?" ಎಂದು ಕೈತೊಳೆದುಕೊಳ್ಳುವುದು ಸುಲಭ. ಹಳಕಟ್ಟಿಯವರ ವಿಷಯದಲ್ಲಿ ಈ ನೆಪ ನಡೆಯುವುದಿಲ್ಲ. ಅವರು ನಮ್ಮಂತೆ ಪರೀಕ್ಷೆ ಪಾಸು ಮಾಡಿದವರು, ನೌಕರಿ ಹಿಡಿದವರು, ಸಂಸಾರ ನಡೆಸಿದವರು. ಅವರು ಮಾಡಿದ ಪವಾಡ ಯಾವುದೂ ಇಲ್ಲ. ಅವರ ಬಳಿ ಇದ್ದದ್ದು ಸಂಜೆಯ ನಾಲ್ಕು ತಾಸು, ಕೋರ್ಟಿನ ಸೂಟಿ, ಒಂದು ಸೈಕಲ್. ಅಷ್ಟು ನಮ್ಮಲ್ಲಿ ಬಹಳ ಮಂದಿಗೆ ಇದೆ. ನಿವೃತ್ತರಾದ ನನ್ನಂಥವರಿಗಂತೂ ಇಡೀ ದಿನ ಇದೆ, ಪೆನ್ಶನ್ ಇದೆ, ಸೈಕಲ್ ಬದಲು ಮೋಟಾರು ಇದೆ.

ನಮ್ಮ ಸೀಮೆಯಲ್ಲೇ ಹೀಗೆ ಅಳೆದು ನೋಡಬಹುದಾದ ಬದುಕುಗಳು ಇನ್ನೂ ಇವೆ. ಸವದತ್ತಿ ಸೀಮೆಯ ಸಿರಸಂಗಿಯ ಲಿಂಗರಾಜ ದೇಸಾಯರು (1861–1906) ಸ್ವತಃ ದತ್ತಕ ಬಂದವರು. ವಂಶದ ಹೆಸರಿಗೆ ಆಸ್ತಿ ಉಳಿಸುವುದೇ ಅಂದಿನ ದೇಸಗತಿಗಳ ಚಿಂತೆಯಾಗಿತ್ತು. ಇವರು ಆ ದೊಡ್ಡ ಆಸ್ತಿಯನ್ನು ಮಕ್ಕಳ ವಿದ್ಯೆಗೆ ಬರೆದಿಟ್ಟರು. ಅದರ ವಿದ್ಯಾರ್ಥಿವೇತನದಲ್ಲಿ ಓದಿದವರು ಉತ್ತರ ಕರ್ನಾಟಕದ ತುಂಬ ಹರಡಿಕೊಂಡರು. ಆಮೇಲೆ 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಬೆಳಗಾವಿಯಲ್ಲಿ ಹಳ್ಳಿಯ ಹುಡುಗರಿಗೆ ಉಚಿತ ಪ್ರಸಾದ ನಿಲಯ ನಡೆಸಿದರು. ಒಂದು ಹೊತ್ತಿನ ಪ್ರಸಾದವಿಲ್ಲದೆ ಪುಸ್ತಕ ತೆರೆಯುವುದು ಆಗದ ಮಾತು ಎಂದು ತಿಳಿದವರು ಅವರು.

ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರನ್ನು ನಮ್ಮ ಹುಡುಗರಿಗೆ ಯಾರಾದರೂ ಹೇಳುತ್ತಾರೋ ಇಲ್ಲವೋ. ಈ ಊರಿಂದ ಹೊರಟ ಹುಡುಗ ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆದ. ಮುಂದೆ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯ ನಿರ್ದೇಶಕ, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿ, ಅದಾದ ಮೇಲೆ ಪಂಜಾಬಿನ ರಾಜ್ಯಪಾಲ. ಪಾವಟೆಯವರು ಉಪಕುಲಪತಿಯಾಗಿದ್ದಾಗಲೇ, 1956ರಲ್ಲಿ, ಆ ವಿಶ್ವವಿದ್ಯಾಲಯ ಹಳಕಟ್ಟಿಯವರಿಗೆ ಗೌರವ ಡಿ.ಲಿಟ್. ಕೊಟ್ಟಿತು. ಮಮದಾಪುರದಿಂದ ಹೊರಟ ಗಣಿತಜ್ಞ ನಡೆಸುತ್ತಿದ್ದ ವಿಶ್ವವಿದ್ಯಾಲಯ, ಬನಹಟ್ಟಿಯ ಓಲೆಗರಿ ಬಿಚ್ಚಿದ ವಕೀಲರನ್ನು ಕರೆದು ಗೌರವಿಸಿದ ಆ ದಿನವನ್ನು ನೆನೆದರೆ ನನಗೆ ಈಗಲೂ ಹಿಗ್ಗು. ಗಣಿತ ಕಂಡರೆ ಹೆದರುವ ಹಳ್ಳಿಯ ಹುಡುಗನಿಗೆ ಹತ್ತು ಪ್ರವಚನಕ್ಕಿಂತ ಮಮದಾಪುರದ ಈ ಸುದ್ದಿಯೇ ಹೆಚ್ಚು ಧೈರ್ಯ ಕೊಡುತ್ತದೆ.

ಈಗ ನಮ್ಮ ಮನೆಗಳ ಮಾತಿಗೆ ಬರೋಣ. ಹಳಕಟ್ಟಿಯವರು ಎಲ್ಲ ಕಟ್ಟುಗಳನ್ನೂ ಬಿಚ್ಚಿ ಮುಗಿಸಿಲ್ಲ. ನಮ್ಮ ಸೀಮೆಯ ಹಳೆಯ ಮನೆಗಳ ಜಗುಲಿಯ ಮೇಲೆ, ಅಟ್ಟದ ಮೇಲೆ, ಕೆಲವು ಮಠಗಳ ಕತ್ತಲೆ ಕೋಣೆಯಲ್ಲಿ ಇಂದಿಗೂ ತಾಡೋಲೆಗಳು, ಹಳೆಯ ಕಾಗದದ ಹೊತ್ತಿಗೆಗಳು, ಬಹೀಖಾತೆಗಳು ಇವೆ. ಕಟ್ಟಿಗೆಯ ಜಂತಿಯ ಮಾಳಿಗೆ ಮನೆಗಳು ಬೀಳುತ್ತಿವೆ, ಸ್ಲ್ಯಾಬಿನ ಮನೆಗಳು ಏಳುತ್ತಿವೆ. ಹಳೆಯ ಮನೆ ಕೆಡವುವಾಗ ತೊಲೆ, ಬಾಗಿಲು, ಹಂಚು ಮಾರುತ್ತಾರೆ. ಗಂಟು ಮೂಟೆ ಹೊಳೆಗೆ ಬಿಡುತ್ತಾರೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಕ್ಕೆ, ಹೊಳೆದಂಡೆಯ ಹಳ್ಳಿಗಳಿಗೆ ನುಗ್ಗಿತು. ಮಣ್ಣಿನ ಗೋಡೆಗಳು ಕುಸಿದವು. ಜನ ಮಕ್ಕಳನ್ನು, ದನಗಳನ್ನು ಉಳಿಸಿಕೊಂಡು ಓಡಿದರು, ಅದೇ ಸರಿ. ಆದರೆ ಆ ಗೋಡೆಗಳ ಕೆಳಗೆ ಏನೇನು ಹೋಯಿತು ಎಂಬುದರ ಪಂಚನಾಮೆ ಯಾರೂ ಮಾಡಲಿಲ್ಲ. ಮನೆ, ಬೆಳೆ, ಎಮ್ಮೆ ಎಲ್ಲಕ್ಕೂ ಪರಿಹಾರದ ಅರ್ಜಿಯಲ್ಲಿ ಕಾಲಂ ಇತ್ತು.

ಆದ್ದರಿಂದ ಈ ಸಲ ಜುಲೈ 2ರ ಕಾರ್ಯಕ್ರಮ ಮುಗಿಸಿ ಸುಮ್ಮನಾಗುವುದು ಬೇಡ. ಶ್ರಾವಣ ಮುಂದಿದೆ. ಪ್ರವಚನಕ್ಕೆಂದು ಮಠಗಳಲ್ಲಿ ಒಂದು ತಿಂಗಳು ಜನ ಸೇರುತ್ತಾರೆ. ಪ್ರತಿ ಮಠದಲ್ಲಿ ಇಬ್ಬರು ಕಾಲೇಜು ಹುಡುಗರು ಅಥವಾ ಹುಡುಗಿಯರು ಒಂದು ನೋಟುಬುಕ್ ಹಿಡಿದು ಕೂಡಲಿ. ಯಾರ ಮನೆಯಲ್ಲಿ ಹಳೆಯ ಕಟ್ಟು ಇದೆ, ಎಷ್ಟು ಗರಿ, ಯಾವ ಸ್ಥಿತಿ ಎಂದು ಬರೆದುಕೊಳ್ಳಲಿ. ಕಟ್ಟು ಮನೆಯವರದೇ, ಅದನ್ನು ಯಾರೂ ಕಸಿಯಬಾರದು. ಬರೆಯುವುದಷ್ಟೇ ಮೊದಲ ಕೆಲಸ. ಮನೆಯವರು ಒಪ್ಪಿದರೆ ಮೊಬೈಲಿನಲ್ಲಿ ಪ್ರತಿ ಗರಿಯ ಎರಡೂ ಬದಿ ಫೋಟೋ ತೆಗೆಯಿರಿ. ಬದಿಯಿಂದ ಓರೆಯಾಗಿ ಬೆಳಕು ಬಿದ್ದರೆ ಕೊರೆದ ಅಕ್ಷರ ಎದ್ದು ಕಾಣುತ್ತದೆ. ಅಂಟಿಕೊಂಡ ಗರಿಗಳನ್ನು ಬಲವಂತವಾಗಿ ಬಿಡಿಸಬೇಡಿ, ಮುರಿಯುತ್ತವೆ. ನೀರು ತಾಗಿಸಬೇಡಿ. ಅರಿಷಿಣ, ಕುಂಕುಮ, ವಿಭೂತಿಯನ್ನು ಗರಿಗೆ ಹಚ್ಚಬೇಡಿ, ಮೇಲಿನ ವಸ್ತ್ರಕ್ಕೆ ಹಚ್ಚಿದರೆ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಒಳಗೆ ಬೆವೆತು ಬೂಜು ಹಿಡಿಯುತ್ತದೆ. ಒಣಗಿದ ಹತ್ತಿಯ ವಸ್ತ್ರವೇ ಒಳ್ಳೆಯದು. ಎಣ್ಣೆ ಹಚ್ಚುವ ಕೆಲಸ ತಿಳಿದವರಿಗೇ ಬಿಡಿ.

ಓದಿಸಲು ಕಷ್ಟವಾದರೆ ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆ ಇದೆ, ವಿಜಯಪುರದಲ್ಲಿ ಹಳಕಟ್ಟಿಯವರ ಹೆಸರಿನದೇ ಸಂಶೋಧನ ಕೇಂದ್ರ ಇದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ. ಒಳಗೆ ವಚನವೇ ಇರಬೇಕೆಂಬ ಹಟ ಬೇಡ. ದನದ ಔಷಧ ಇರಲಿ, ಸಾಲದ ಲೆಕ್ಕ ಇರಲಿ, ಹಂತಿ ಹಾಡು ಇರಲಿ, ಅದೂ ನಮ್ಮ ಹಿರಿಯರ ಕೈಬರಹವೇ. ಪಟ್ಟಿಗಳನ್ನು ಭಾದ್ರಪದದ ಹೊತ್ತಿಗೆ ನಮ್ಮ ಪತ್ರಿಕೆಗೆ ಕಳಿಸಿದರೆ ಊರಿನ ಹೆಸರು, ಕಟ್ಟಿನ ಸಂಖ್ಯೆ, ವಿಷಯ ಇಷ್ಟನ್ನು ಅಚ್ಚು ಹಾಕುತ್ತೇವೆ. ಮನೆಯವರು ಬೇಡವೆಂದರೆ ಅವರ ಹೆಸರು ಹಾಕುವುದಿಲ್ಲ. ಘೋಡಗೇರಿ ಸುತ್ತಿನ ಹಳ್ಳಿಗಳ ಪಟ್ಟಿಯನ್ನು ನಾನೇ ಮಾಡಲು ಒಪ್ಪಿಕೊಂಡಿದ್ದೇನೆ. ಸೋಮವಾರ ಬಿಟ್ಟು ಬೇರೆ ಯಾವ ದಿನ ಹೇಳಿ ಕಳಿಸಿದರೂ ಬರುತ್ತೇನೆ, ಫೋಟೋ ತೆಗೆಯಲು ಮೊಮ್ಮಗಳು ಜೊತೆಗಿರುತ್ತಾಳೆ.